ಲೆಕ್ಕವಿಲ್ಲದ ರಜೆಯ ಲೆಕ್ಕಾಚಾರ

ದೊಡ್ಡ ತಂತ್ರಜ್ಞಾನ ಕಂಪನಿಗಳ ಸಂಬಳಸಹಿತ ರಜೆಯ ನೀತಿಗಳನ್ನು ಹೋಲಿಸಿ ನೋಡುವವರ ಕಣ್ಣು ಮೊದಲು ಬೀಳುವುದು ದಿನಗಳ ಸಂಖ್ಯೆಯ ಮೇಲೆ. ಒಂದು ಕಂಪನಿ ವರ್ಷಕ್ಕೆ ಹದಿನೈದು ದಿನ ಕೊಡುತ್ತದೆ, ಇನ್ನೊಂದು ಇಪ್ಪತ್ತು ಕೊಡುತ್ತದೆ, ಮತ್ತೊಂದು ಎಷ್ಟು ಬೇಕಾದರೂ ತೆಗೆದುಕೊಳ್ಳಿ ಎನ್ನುತ್ತದೆ ಎಂದಾಗ ಮೂರನೆಯದೇ ಎಲ್ಲಕ್ಕಿಂತ ಉದಾರವಾದುದೆಂದು ತೋರುವುದು ಸಹಜ. ಆದರೆ ಕಳೆದ ಎರಡು ದಶಕಗಳಲ್ಲಿ ಅಮೆರಿಕದ ಕಂಪನಿಗಳಲ್ಲಿ ಈ ನೀತಿಗಳು ಬದಲಾದ ಬಗೆಯನ್ನು, ಅದರ ಹಿಂದಿರುವ ಕಾನೂನು ಮತ್ತು ಲೆಕ್ಕಪತ್ರದ ನಿಯಮಗಳೊಂದಿಗೆ ಇಟ್ಟು ನೋಡಿದರೆ, ದಿನಗಳ ಸಂಖ್ಯೆಗಿಂತ ನಿರ್ಣಾಯಕವಾದ ಪ್ರಶ್ನೆ ಬೇರೆಯೇ ಇದೆ ಎಂಬುದು ಗೊತ್ತಾಗುತ್ತದೆ: ರಜೆಯೆಂಬುದು ನೌಕರ ದುಡಿದು ಗಳಿಸಿದ, ಎಣಿಸಿ ಇಡಬಹುದಾದ, ಕೆಲಸ ಬಿಟ್ಟಾಗ ಹಣವಾಗಿ ಕೈಗೆ ಬರುವ ಸ್ವತ್ತೋ, ಅಥವಾ ಮೇಲಧಿಕಾರಿ ಒಪ್ಪಿದಾಗ ಮಾತ್ರ ಸಿಗುವ ಅನುಮತಿಯೋ?

ಈ ಪ್ರಶ್ನೆ ಅಮೆರಿಕದಲ್ಲಿಯೇ ಇಷ್ಟು ಗಟ್ಟಿಯಾಗಿ ಕೇಳಿಬರಲು ಕಾರಣವಿದೆ. ಅಲ್ಲಿನ ಕಾರ್ಮಿಕ ಕಾನೂನಿನ ತಳಹದಿಯಾದ 1938ರ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಆ್ಯಕ್ಟ್ ಕನಿಷ್ಠ ವೇತನವನ್ನೂ ಹೆಚ್ಚುವರಿ ಗಂಟೆಗಳ ದುಡಿಮೆಗೆ ಕೊಡಬೇಕಾದ ಹೆಚ್ಚಿನ ದರವನ್ನೂ ಗೊತ್ತುಪಡಿಸಿತಾದರೂ, ಕೆಲಸ ಮಾಡದ ದಿನಕ್ಕೆ ಸಂಬಳ ಕೊಡಲೇಬೇಕೆಂದು ಎಲ್ಲಿಯೂ ಹೇಳಲಿಲ್ಲ. ಅದಕ್ಕೆ ಎರಡು ವರ್ಷ ಮೊದಲೇ, ಅಂದರೆ 1936ರಲ್ಲಿ, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ವರ್ಷಕ್ಕೆ ಕನಿಷ್ಠ ಆರು ಕೆಲಸದ ದಿನಗಳ ಸಂಬಳಸಹಿತ ರಜೆಯ ಒಡಂಬಡಿಕೆಯನ್ನು ರೂಪಿಸಿತ್ತು. ಅದೇ ವರ್ಷ ಫ್ರಾನ್ಸಿನಲ್ಲಿ ಲಿಯೋನ್ ಬ್ಲೂಮ್ ಸರ್ಕಾರ ಭಾರಿ ಮುಷ್ಕರಗಳ ನಡುವೆ ಎಲ್ಲ ಕಾರ್ಮಿಕರಿಗೆ ಎರಡು ವಾರಗಳ ರಜೆಯನ್ನು ಕಾನೂನಾಗಿ ಮಾಡಿತ್ತು. ಕಾರ್ಮಿಕ ಸಂಘಟನೆಯ 1970ರ ಮತ್ತೊಂದು ಒಡಂಬಡಿಕೆ ಕನಿಷ್ಠ ಮಿತಿಯನ್ನು ಮೂರು ವಾರಗಳಿಗೆ ಏರಿಸಿತು. ಅಮೆರಿಕ ಈ ಎರಡೂ ಒಡಂಬಡಿಕೆಗಳನ್ನು ಅನುಮೋದಿಸಿಲ್ಲ. ನೆವಾಡ, ಮೇನ್, ಇಲಿನಾಯ್‌ಗಳಂತಹ ಕೆಲವು ರಾಜ್ಯಗಳು ಈಚಿನ ವರ್ಷಗಳಲ್ಲಿ ಸುಮಾರು ಐದು ದಿನಗಳ ರಜೆಯನ್ನು ಕಡ್ಡಾಯ ಮಾಡಿವೆಯೇ ಹೊರತು ಒಕ್ಕೂಟದ ಮಟ್ಟದಲ್ಲಿ ಅಂಥ ಕಾನೂನು ಇಂದಿಗೂ ಇಲ್ಲ. ಹೀಗಾಗಿ ಅಲ್ಲಿ ರಜೆಯೆಂಬುದು ಬಹುಮಟ್ಟಿಗೆ ಮಾಲೀಕ ಮತ್ತು ನೌಕರರ ನಡುವಿನ ಕರಾರಿನ ವಿಷಯವಾಗಿ ಉಳಿದಿದೆ. ಅಲ್ಲಿನ ಕಾರ್ಮಿಕ ಅಂಕಿಅಂಶ ಇಲಾಖೆಯ ಸಮೀಕ್ಷೆಗಳ ಪ್ರಕಾರ ಖಾಸಗಿ ವಲಯದಲ್ಲಿ ಒಂದು ವರ್ಷ ದುಡಿದವರಿಗೆ ಸರಾಸರಿ ಹನ್ನೊಂದು ದಿನ, ಐದು ವರ್ಷ ದುಡಿದವರಿಗೆ ಹದಿನೈದು ದಿನ ರಜೆ ಸಿಗುತ್ತದೆ. ಸುಮಾರು ಐದರಲ್ಲಿ ಒಂದು ಪಾಲು ನೌಕರರಿಗೆ ಅದೂ ಇಲ್ಲ. ತಂತ್ರಜ್ಞಾನ ಕಂಪನಿಗಳ ಔದಾರ್ಯವನ್ನು ಅಳೆಯಬೇಕಾದುದು ಈ ಹಿನ್ನೆಲೆಯಲ್ಲಿ.

ಆ ಕಂಪನಿಗಳ ರಜೆಯ ವ್ಯವಸ್ಥೆಗಳು ಸ್ಥೂಲವಾಗಿ ಎರಡು ಬಗೆಯವು. ಮೊದಲನೆಯದು ಗಳಿಕೆಯ ಪದ್ಧತಿ: ನೌಕರ ದುಡಿದ ಪ್ರತಿ ಪಗಾರದ ಅವಧಿಗೆ ಇಷ್ಟು ಗಂಟೆಯೆಂದು ರಜೆ ಅವನ ಖಾತೆಗೆ ಜಮೆಯಾಗುತ್ತಾ ಹೋಗುತ್ತದೆ, ತೆಗೆದುಕೊಂಡಷ್ಟು ಕಳೆಯುತ್ತದೆ, ಉಳಿದದ್ದು ಒಂದು ಮಿತಿಯವರೆಗೆ ಮುಂದಿನ ವರ್ಷಕ್ಕೆ ಸಾಗುತ್ತದೆ. ಕೆಲವೆಡೆ ವಿಹಾರದ ರಜೆ, ಕಾಯಿಲೆಯ ರಜೆ, ಸ್ವಂತ ಕೆಲಸದ ರಜೆ ಮೂರನ್ನೂ ಒಂದೇ ಖಾತೆಯಲ್ಲಿ ಸೇರಿಸಿ ‘ಪೇಯ್ಡ್ ಟೈಮ್ ಆಫ್’ ಎಂದು ಕರೆಯುತ್ತಾರೆ. ನೋಡಲು ಇದು ದೊಡ್ಡ ಸಂಖ್ಯೆಯಾಗಿ ಕಂಡರೂ ಜ್ವರ ಬಂದು ಮಲಗಿದ ದಿನವೂ ವಿಹಾರದ ದಿನದಿಂದಲೇ ಕಳೆಯುತ್ತದೆ ಎಂಬುದನ್ನು ಹೋಲಿಸುವವರು ಮರೆಯಬಾರದು. ಎರಡನೆಯದು ಮಿತಿಯಿಲ್ಲದ ರಜೆಯ ಪದ್ಧತಿ: ಇಲ್ಲಿ ಖಾತೆಯೇ ಇಲ್ಲ, ಜಮೆಯೂ ಇಲ್ಲ, ಖರ್ಚೂ ಇಲ್ಲ; ಕೆಲಸ ಕೆಡದಂತೆ ನೋಡಿಕೊಂಡು ಮೇಲಧಿಕಾರಿಯೊಂದಿಗೆ ಮಾತಾಡಿಕೊಂಡು ಬೇಕಾದಾಗ ರಜೆ ಪಡೆಯಬಹುದು.

ಮೊದಲ ಬಗೆಗೆ ಗೂಗಲ್ ಒಳ್ಳೆಯ ಉದಾಹರಣೆ. ಅಲ್ಲಿ ಬಹುಕಾಲ ಹೊಸಬರಿಗೆ ವರ್ಷಕ್ಕೆ 15 ದಿನಗಳ ರಜೆಯಿದ್ದು, ಸೇವಾವಧಿ ಹೆಚ್ಚಿದಂತೆ ಅದು 20ಕ್ಕೂ 25ಕ್ಕೂ ಏರುತ್ತಿತ್ತು. 2022ರ ಜನವರಿಯಲ್ಲಿ ಕಂಪನಿ ಕನಿಷ್ಠ ಮಟ್ಟವನ್ನೇ 20 ದಿನಗಳಿಗೆ ಏರಿಸಿತು. ಕೋವಿಡ್‌ನ ನಂತರ ನೌಕರರು ಗುಂಪುಗುಂಪಾಗಿ ಕೆಲಸ ಬದಲಿಸುತ್ತಿದ್ದ ಕಾಲವದು ಎಂಬುದನ್ನು ನೆನೆದರೆ ಈ ಏರಿಕೆಯ ಕಾರಣವೂ ತಿಳಿಯುತ್ತದೆ. ಮೆಟಾ, ಅಂದರೆ ಹಿಂದಿನ ಫೇಸ್‌ಬುಕ್, 21 ದಿನಗಳ ರಜೆಯ ಜೊತೆಗೆ ಐದು ವರ್ಷ ಪೂರೈಸಿದವರಿಗೆ 30 ದಿನಗಳ ‘ರೀಚಾರ್ಜ್’ ಎಂಬ ದೀರ್ಘ ರಜೆಯನ್ನು ನೇಮಕಾತಿಯ ಆಕರ್ಷಣೆಯಾಗಿ ಬಳಸುತ್ತ ಬಂದಿದೆ. ಅಮೆಜಾನ್‌ನ ಕೈ ಇವೆರಡಕ್ಕಿಂತ ಬಿಗಿ. ಅದು ಪ್ರಕಟಿಸಿದ ಪಟ್ಟಿಯಲ್ಲಿ ಮಾಸಿಕ ಸಂಬಳದ ನೌಕರನಿಗೆ ಮೊದಲ ವರ್ಷ ಎರಡು ವಾರ, ಎರಡನೆಯ ವರ್ಷದಿಂದ ಮೂರು ವಾರ, ಆರು ವರ್ಷಗಳ ನಂತರ ನಾಲ್ಕು ವಾರಗಳ ರಜೆಯಿದ್ದು, ಅದರ ಜೊತೆಗೆ ಸ್ವಂತ ಕೆಲಸದ ಕೆಲವು ದಿನಗಳಿವೆ. ಒಂದೇ ನಗರದ ಒಂದೇ ಬಗೆಯ ಕೆಲಸಕ್ಕೆ ಪೈಪೋಟಿ ನಡೆಸುವ ಕಂಪನಿಗಳ ನಡುವೆ ಮೊದಲ ವರ್ಷದಲ್ಲಿ ಎರಡು ವಾರಗಳವರೆಗೆ ಅಂತರವಿರುವುದು ಸಣ್ಣ ಸಂಗತಿಯಲ್ಲ. ಆದರೂ ಈ ಮೂರರಲ್ಲಿಯೂ ಸಾಮಾನ್ಯವಾದ ಒಂದು ಗುಣವೆಂದರೆ ರಜೆ ಎಣಿಕೆಗೆ ಸಿಗುತ್ತದೆ ಎಂಬುದು.

ಎರಡನೆಯ ಬಗೆಯನ್ನು ಜನಪ್ರಿಯಗೊಳಿಸಿದ್ದು ನೆಟ್‌ಫ್ಲಿಕ್ಸ್. ಸಹಸಂಸ್ಥಾಪಕ ರೀಡ್ ಹೇಸ್ಟಿಂಗ್ಸ್ 2020ರಲ್ಲಿ ಎರಿನ್ ಮೆಯರ್ ಜೊತೆಗೂಡಿ ಬರೆದ ಪುಸ್ತಕದಲ್ಲಿ ಇದರ ಮೂಲವನ್ನು ವಿವರಿಸಿದ್ದಾನೆ. ರಾತ್ರಿ ಮತ್ತು ವಾರಾಂತ್ಯಗಳಲ್ಲಿ ದುಡಿದ ಗಂಟೆಗಳನ್ನು ಕಂಪನಿ ಎಣಿಸುವುದಿಲ್ಲವಾದರೆ ರಜೆಯ ದಿನಗಳನ್ನು ಮಾತ್ರ ಏಕೆ ಎಣಿಸಬೇಕು ಎಂದು 2003ರ ಸುಮಾರಿಗೆ ನೌಕರನೊಬ್ಬ ಎತ್ತಿದ ಪ್ರಶ್ನೆಗೆ ಸಮಂಜಸ ಉತ್ತರ ದೊರೆಯದೆ ಎಣಿಕೆಯನ್ನೇ ಕೈಬಿಡಲಾಯಿತು. ತರ್ಕ ಅಚ್ಚುಕಟ್ಟಾಗಿದೆ, ಕೆಲಸದ ಗಂಟೆಗೆ ಮಿತಿಯಿಲ್ಲದವನಿಗೆ ವಿರಾಮಕ್ಕೂ ಮಿತಿಯಿರಬಾರದೆಂಬುದು ನ್ಯಾಯವೇ. ಆದರೆ ಅದೇ ಪುಸ್ತಕದಲ್ಲಿ ಹೇಸ್ಟಿಂಗ್ಸ್ ಇನ್ನೆರಡು ಮಾತುಗಳನ್ನೂ ಒತ್ತಿ ಹೇಳುತ್ತಾನೆ: ಮೇಲಿನವರು ತಾವೇ ದೀರ್ಘ ರಜೆ ತೆಗೆದುಕೊಂಡು ಅದನ್ನು ಎಲ್ಲರಿಗೂ ತಿಳಿಯುವಂತೆ ಹೇಳಿಕೊಳ್ಳದಿದ್ದರೆ ಕೆಳಗಿನವರು ರಜೆ ತೆಗೆದುಕೊಳ್ಳುವುದಿಲ್ಲ, ಯಾವ ಹೊತ್ತಿನಲ್ಲಿ ಎಷ್ಟು ರಜೆ ಸಲ್ಲುತ್ತದೆ ಎಂಬ ಅಂದಾಜನ್ನು ಆಯಾ ವಿಭಾಗದ ಮುಖ್ಯಸ್ಥರು ಸ್ಪಷ್ಟವಾಗಿ ಕೊಡದಿದ್ದರೆ ವ್ಯವಸ್ಥೆ ಕೆಡುತ್ತದೆ. ತಾನು ವರ್ಷಕ್ಕೆ ಆರು ವಾರ ರಜೆ ಪಡೆಯುವುದಾಗಿ ಅವನು ಬರೆದುಕೊಂಡದ್ದು ಈ ಕಾರಣಕ್ಕೆ. ನೆಟ್‌ಫ್ಲಿಕ್ಸ್‌ನ ನೀತಿಯನ್ನು ನಕಲು ಮಾಡಿದ ಅನೇಕ ಕಂಪನಿಗಳು ಮೊದಲ ಮಾತನ್ನು ಮಾತ್ರ ಎತ್ತಿಕೊಂಡು ಉಳಿದೆರಡನ್ನು ಅಲ್ಲಿಯೇ ಬಿಟ್ಟವು.

2015ರ ನವೆಂಬರ್‌ನಲ್ಲಿ ಲಿಂಕ್ಡ್‌ಇನ್ ತನ್ನ ನೌಕರರಿಗೆ ‘ಡಿಸ್ಕ್ರಿಷನರಿ ಟೈಮ್ ಆಫ್’, ಅಂದರೆ ವಿವೇಚನೆಗೆ ಬಿಟ್ಟ ರಜೆ, ಎಂಬ ಹೆಸರಿನಲ್ಲಿ ಇದೇ ಪದ್ಧತಿಯನ್ನು ಜಾರಿಗೆ ತಂದಿತು. ಅದನ್ನು ಕೊಂಡುಕೊಂಡ ಮೈಕ್ರೋಸಾಫ್ಟ್ 2023ರ ಜನವರಿ 16ರಿಂದ ಅಮೆರಿಕದಲ್ಲಿರುವ ತನ್ನ ಮಾಸಿಕ ಸಂಬಳದ ನೌಕರರಿಗೆ ಅದೇ ಹೆಸರಿನ ನೀತಿಯನ್ನು ಅನ್ವಯಿಸಿತು. ವರ್ಷಕ್ಕೆ ಹತ್ತು ಸಾರ್ವತ್ರಿಕ ರಜಾದಿನಗಳು, ಕಾಯಿಲೆ ಮತ್ತು ಮಾನಸಿಕ ಆರೋಗ್ಯದ ರಜೆ, ನ್ಯಾಯಾಲಯದಲ್ಲಿ ಜ್ಯೂರಿಯಾಗಿ ಕೂರಬೇಕಾದಾಗಿನ ರಜೆ, ಮನೆಯಲ್ಲಿ ಸಾವು ಸಂಭವಿಸಿದಾಗಿನ ರಜೆ ಇವೆಲ್ಲ ಹಾಗೆಯೇ ಉಳಿದು, ವಿಹಾರದ ರಜೆಯ ಎಣಿಕೆ ಮಾತ್ರ ನಿಂತಿತು. ಅದುವರೆಗೆ ಖಾತೆಯಲ್ಲಿ ಉಳಿದಿದ್ದ ದಿನಗಳಿಗೆ ಅದೇ ವರ್ಷದ ಏಪ್ರಿಲ್‌ನಲ್ಲಿ ಹಣ ಕೊಡುವುದಾಗಿ ಕಂಪನಿ ತಿಳಿಸಿತು. ಗಮನಿಸಬೇಕಾದುದು ಈ ನೀತಿಯ ಹೊರಗೆ ಉಳಿದವರನ್ನು. ಗಂಟೆಯ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಅಮೆರಿಕದ ವೇತನ ಕಾನೂನುಗಳ ಕಾರಣದಿಂದಲೂ, ಬೇರೆ ದೇಶಗಳಲ್ಲಿರುವ ನೌಕರರಿಗೆ ಆಯಾ ದೇಶದ ಕಾನೂನುಗಳ ಕಾರಣದಿಂದಲೂ ಇದು ಅನ್ವಯಿಸಲಿಲ್ಲ. ಕಾನೂನು ಗಟ್ಟಿಯಾಗಿರುವಲ್ಲೆಲ್ಲ ಎಣಿಕೆ ಉಳಿಯಿತು, ಕಾನೂನು ಇಲ್ಲದಲ್ಲಿ ಎಣಿಕೆ ಹೋಯಿತು.

ಹೊಸ ನೀತಿ ಜಾರಿಯಾದ ಎರಡು ದಿನಗಳಲ್ಲಿ, ಜನವರಿ 18ರಂದು, ಮೈಕ್ರೋಸಾಫ್ಟ್ 10,000 ಮಂದಿಯನ್ನು ಕೆಲಸದಿಂದ ತೆಗೆಯುವುದಾಗಿ ಪ್ರಕಟಿಸಿತು. ಅದಾಗಿ ಎರಡು ದಿನಕ್ಕೆ ಗೂಗಲ್ 12,000 ಮಂದಿಯನ್ನು ತೆಗೆಯುವುದಾಗಿ ಹೇಳಿತು; ಆಗ ಸುಂದರ್ ಪಿಚೈ ನೌಕರರಿಗೆ ಬರೆದ ಪತ್ರದಲ್ಲಿ ಹಿಂದಿನ ವರ್ಷದ ಬೋನಸ್ ಜೊತೆಗೆ ಉಳಿದಿರುವ ರಜೆಯ ದಿನಗಳ ಹಣವನ್ನೂ ಕೊಡುವ ಮಾತಿತ್ತು. ಈ ಒಂದು ವಾಕ್ಯದಲ್ಲಿ ಎರಡು ಪದ್ಧತಿಗಳ ವ್ಯತ್ಯಾಸವೆಲ್ಲ ಅಡಗಿದೆ. ಎಣಿಕೆಯಿರುವ ಕಂಪನಿಯಲ್ಲಿ ಕೆಲಸ ಕಳೆದುಕೊಂಡವನಿಗೆ ಉಳಿಕೆ ರಜೆಯೆಂಬ ಒಂದು ಗಂಟು ಇರುತ್ತದೆ. ಮಿತಿಯಿಲ್ಲದ ರಜೆಯ ಕಂಪನಿಯಲ್ಲಿ ಮುಂದೆ ಯಾವಾಗ ಅಂಥ ಸಂದರ್ಭ ಬಂದರೂ ಉಳಿಕೆಯೆಂಬುದೇ ಇರುವುದಿಲ್ಲ, ಏಕೆಂದರೆ ಗಳಿಸಿದ್ದೇ ಇಲ್ಲ.

ಈ ಗಂಟಿನ ಗಾತ್ರವನ್ನು ಸರಳ ಲೆಕ್ಕದಿಂದ ತಿಳಿಯಬಹುದು. ವಾರಕ್ಕೆ ಐದು ದಿನಗಳ ಕೆಲಸವೆಂದರೆ ವರ್ಷಕ್ಕೆ ಸುಮಾರು 260 ದಿನಗಳ ಪಗಾರ. ವರ್ಷಕ್ಕೆ 1,56,000 ಡಾಲರ್ ಸಂಬಳವಿರುವ ಎಂಜಿನಿಯರನ ಒಂದು ದಿನದ ಬೆಲೆ 600 ಡಾಲರ್. ಅವನ ಖಾತೆಯಲ್ಲಿ 15 ದಿನಗಳ ರಜೆ ಉಳಿದಿದ್ದರೆ ಕಂಪನಿ ಅವನಿಗೆ 9,000 ಡಾಲರ್ ಸಾಲ ಉಳಿಸಿಕೊಂಡಿರುತ್ತದೆ. ಇಂಥ ಸಾಲವನ್ನು ಕಂಪನಿ ಮರೆಮಾಚುವಂತಿಲ್ಲ: ನೌಕರರು ಗಳಿಸಿ ಇನ್ನೂ ಬಳಸದ ರಜೆಯನ್ನು ಹೊಣೆಗಾರಿಕೆಯಾಗಿ ಲೆಕ್ಕಪತ್ರದಲ್ಲಿ ತೋರಿಸಬೇಕೆಂದು ಅಮೆರಿಕದ ಲೆಕ್ಕಪತ್ರ ಮಾನದಂಡ ಮಂಡಳಿ 1980ರಲ್ಲಿಯೇ ನಿಯಮ ಮಾಡಿದೆ. ಸಾವಿರಾರು ನೌಕರರಿರುವ ಕಂಪನಿಯಲ್ಲಿ ಈ ಮೊತ್ತ ಎಷ್ಟಾಗುತ್ತದೆಂದು ಯಾರಾದರೂ ಊಹಿಸಬಹುದು. ರಜೆಯ ಖಾತೆಯನ್ನೇ ಮುಚ್ಚಿಬಿಟ್ಟರೆ ಆ ಹೊಣೆಗಾರಿಕೆ ಮುಂದೆ ಹುಟ್ಟುವುದಿಲ್ಲ.

ತಂತ್ರಜ್ಞಾನ ಉದ್ಯಮದ ತವರಾದ ಕ್ಯಾಲಿಫೋರ್ನಿಯಾದಲ್ಲಿ ಈ ಹೊಣೆಗಾರಿಕೆ ಉಳಿದ ರಾಜ್ಯಗಳಿಗಿಂತ ಭಾರವಾದುದು. ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1982ರಲ್ಲಿ ಸ್ವಾಸ್ಟೆಸ್ ಪ್ರಕರಣದಲ್ಲಿ, ರಜೆಯ ವೇತನವೆಂಬುದು ತಡವಾಗಿ ಕೊಡುವ ಸಂಬಳವೇ ಆಗಿದ್ದು ದುಡಿದ ದಿನದಿಂದ ದಿನಕ್ಕೆ ಅದು ನೌಕರನಿಗೆ ಸೇರುತ್ತಾ ಹೋಗುತ್ತದೆ ಎಂಬ ನಿಲುವನ್ನು ಎತ್ತಿಹಿಡಿಯಿತು. ಇದರಿಂದ, ವರ್ಷದೊಳಗೆ ಬಳಸದಿದ್ದರೆ ರಜೆ ಹೋಯಿತು ಎಂಬ ಷರತ್ತು ಆ ರಾಜ್ಯದಲ್ಲಿ ಸಲ್ಲುವುದಿಲ್ಲ. ಒಂದು ಮಟ್ಟ ಮುಟ್ಟಿದ ಮೇಲೆ ಹೊಸ ಗಳಿಕೆಯನ್ನು ನಿಲ್ಲಿಸಬಹುದೇ ವಿನಾ ಗಳಿಸಿದ್ದನ್ನು ಕಿತ್ತುಕೊಳ್ಳುವಂತಿಲ್ಲ. ನೌಕರನಿಗೆ ಇಷ್ಟು ಗಟ್ಟಿಯಾದ ರಕ್ಷಣೆಯಿರುವ ರಾಜ್ಯದಲ್ಲಿಯೇ ಮಿತಿಯಿಲ್ಲದ ರಜೆ ಹುಟ್ಟಿ ಬೆಳೆದದ್ದನ್ನು ಕೇವಲ ಕಾಕತಾಳೀಯವೆಂದು ನಂಬುವುದು ಕಷ್ಟ. 2020ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಮೆಕ್‌ಫರ್ಸನ್ ಪ್ರಕರಣದಲ್ಲಿ ಇದಕ್ಕೊಂದು ಕಡಿವಾಣ ಹಾಕಿತು: ಮಾಲೀಕರು ಮಿತಿಯಿಲ್ಲವೆಂದು ಹೇಳಿಕೊಂಡರೂ ಲಿಖಿತ ನೀತಿಯಿಲ್ಲದೆ, ವ್ಯವಹಾರದಲ್ಲಿ ಸಾಮಾನ್ಯ ಪ್ರಮಾಣದ ರಜೆಯನ್ನಷ್ಟೇ ಕೊಡುತ್ತಿದ್ದರೆ, ಅದನ್ನು ಗಳಿಕೆಯ ರಜೆಯೆಂದೇ ಪರಿಗಣಿಸಿ ಹಣ ಕೊಡಬೇಕು. ಹಾಗೆಂದು ಆ ಪದ್ಧತಿಯನ್ನೇ ಅಕ್ರಮವೆಂದು ನ್ಯಾಯಾಲಯ ಹೇಳಲಿಲ್ಲ; ಸರಿಯಾಗಿ ಬರೆದಿಟ್ಟ, ನಿಜಕ್ಕೂ ಮಿತಿಯಿಲ್ಲದ ನೀತಿಗೆ ದಾರಿ ತೆರೆದೇ ಇದೆ.

ಮಿತಿಯಿಲ್ಲದ ರಜೆಯುಳ್ಳವರು ಹೆಚ್ಚು ರಜೆ ತೆಗೆದುಕೊಳ್ಳುತ್ತಾರೆಯೇ ಎಂಬುದಕ್ಕೆ ಎಲ್ಲ ಕಡೆಯಿಂದಲೂ ಒಂದೇ ಉತ್ತರ ಬರುವುದಿಲ್ಲ. ಸಿಬ್ಬಂದಿ ನಿರ್ವಹಣೆಯ ತಂತ್ರಾಂಶ ಮಾರುವ ನೇಮ್ಲಿ ಎಂಬ ಕಂಪನಿ ತನ್ನ ಗ್ರಾಹಕರ ದಾಖಲೆಗಳನ್ನು ಆಧರಿಸಿ ಪ್ರಕಟಿಸಿದ, ಬಹಳ ಉಲ್ಲೇಖಿತವಾದ ಒಂದು ಲೆಕ್ಕದಲ್ಲಿ ಮಿತಿಯಿಲ್ಲದವರು ಸರಾಸರಿ 13 ದಿನ, ಮಿತಿಯಿದ್ದವರು 15 ದಿನ ರಜೆ ಪಡೆದಿದ್ದರು. ಇದು ಒಂದು ಕಂಪನಿಯ ಗ್ರಾಹಕರ ಲೆಕ್ಕವಾದ್ದರಿಂದ ಇದನ್ನು ಅಂತಿಮ ಸತ್ಯವೆಂದು ಹಿಡಿಯುವುದು ತರವಲ್ಲ, ಆದರೆ ಅದರ ಹಿಂದಿನ ಕಾರಣವನ್ನು ಅರಿಯುವುದು ಕಷ್ಟವಲ್ಲ. ಇಪ್ಪತ್ತು ದಿನ ಎಂದು ಬರೆದಿರುವಲ್ಲಿ ಇಪ್ಪತ್ತನೆಯ ದಿನವನ್ನು ಕೇಳುವುದಕ್ಕೆ ಸಂಕೋಚವಿಲ್ಲ. ಏನೂ ಬರೆದಿಲ್ಲದಲ್ಲಿ ಪ್ರತಿಯೊಬ್ಬನೂ ಪಕ್ಕದವನನ್ನು ನೋಡಿ ತನ್ನ ಮಿತಿಯನ್ನು ತಾನೇ ಹಾಕಿಕೊಳ್ಳುತ್ತಾನೆ, ಬಡ್ತಿಯ ಆಸೆಯಿರುವವನು ಪಕ್ಕದವನಿಗಿಂತ ಒಂದು ದಿನ ಕಡಿಮೆಯೇ ತೆಗೆದುಕೊಳ್ಳುತ್ತಾನೆ. ಅನ್‌ಲಿಮಿಟೆಡ್ ಊಟದ ಫಲಕ ಹಾಕಿದ ಹೋಟೆಲಿನಲ್ಲಿ ಬಡಿಸುವವನು ಅಡುಗೆಮನೆಯಿಂದ ಹೊರಬರದೇ ಹೋದರೆ ಫಲಕದಿಂದ ಹೊಟ್ಟೆ ತುಂಬುವುದಿಲ್ಲ.

ಈ ಅನುಭವದಿಂದ ಹಿಂದಿರುಗಿದವರೂ ಇದ್ದಾರೆ. ಜನರಿಂದ ಹಣ ಸಂಗ್ರಹಿಸಿಕೊಡುವ ಕಿಕ್‌ಸ್ಟಾರ್ಟರ್ 2015ರಲ್ಲಿ ಮಿತಿಯಿಲ್ಲದ ರಜೆಯನ್ನು ಕೈಬಿಟ್ಟು 25 ದಿನಗಳ ಮಿತಿಗೆ ಬಂತು. ಬರ್ಲಿನ್‌ನ ಟ್ರಾವಿಸ್ ಸಿಐ ಎಂಬ ತಂತ್ರಾಂಶ ಕಂಪನಿ ತನ್ನ ನೌಕರರು ರಜೆಯನ್ನೇ ಪಡೆಯುತ್ತಿಲ್ಲವೆಂದು ಕಂಡುಕೊಂಡು, ಗರಿಷ್ಠ ಮಿತಿಯ ಬದಲಿಗೆ 25 ದಿನಗಳ ಕನಿಷ್ಠ ಮಿತಿಯನ್ನು ಕಡ್ಡಾಯಗೊಳಿಸಿತು. ತಂತ್ರಜ್ಞಾನದ ಹೊರಗಿನದಾದರೂ ಹೆಚ್ಚು ಬೋಧಪ್ರದವಾದುದು 2014ರ ನವೆಂಬರ್‌ನ ಪ್ರಕರಣ: ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯ ಒಡೆತನ ಹೊಂದಿದ್ದ ಟ್ರಿಬ್ಯೂನ್ ಪಬ್ಲಿಷಿಂಗ್ ಇದೇ ಮಾದರಿಯ ನೀತಿಯನ್ನು ಘೋಷಿಸಿದಾಗ, ಅದುವರೆಗೆ ಗಳಿಸಿಟ್ಟ ರಜೆಯ ಹಣ ಕೈತಪ್ಪುತ್ತದೆಂದು ಪತ್ರಕರ್ತರು ತಿರುಗಿಬಿದ್ದರು, ಸುಮಾರು ಒಂದು ವಾರದಲ್ಲಿ ಕಂಪನಿ ನೀತಿಯನ್ನು ಹಿಂತೆಗೆದುಕೊಂಡಿತು. ಪದಗಳನ್ನು ತೂಗಿ ನೋಡುವುದು ಕಸುಬಾದವರಿಗೆ ಘೋಷಣೆಯ ಹಿಂದಿನ ಲೆಕ್ಕ ಬೇಗ ಕಂಡಿತೆಂದು ತೋರುತ್ತದೆ.

ಯುರೋಪಿನಲ್ಲಿ ಈ ಚರ್ಚೆಗೆ ಅವಕಾಶವೇ ಕಡಿಮೆ. ಯುರೋಪಿಯನ್ ಒಕ್ಕೂಟದ ಕೆಲಸದ ಅವಧಿಯ ನಿರ್ದೇಶನ 1993ರಲ್ಲಿ ರೂಪುಗೊಂಡು 2003ರಲ್ಲಿ ಪರಿಷ್ಕೃತವಾಗಿ, ವರ್ಷಕ್ಕೆ ಕನಿಷ್ಠ ನಾಲ್ಕು ವಾರಗಳ ಸಂಬಳಸಹಿತ ರಜೆಯನ್ನು ಪ್ರತಿಯೊಬ್ಬ ದುಡಿಯುವವನ ಹಕ್ಕಾಗಿಸಿದೆ. ಅಷ್ಟೇ ಅಲ್ಲ, ಕೆಲಸ ಬಿಡುವ ಸಂದರ್ಭವನ್ನುಳಿದು ಆ ನಾಲ್ಕು ವಾರಗಳ ಬದಲಿಗೆ ಹಣ ಕೊಡುವುದನ್ನೂ ನಿಷೇಧಿಸಿದೆ. ರಜೆಯನ್ನು ಮಾರಿಕೊಳ್ಳಲು ಬಿಟ್ಟರೆ ಬಡವನು ಮೊದಲು ಮಾರುವುದು ಅದನ್ನೇ ಎಂಬ ತಿಳಿವಳಿಕೆ ಇದರ ಹಿಂದಿದೆ. 2018ರ ನವೆಂಬರ್‌ನಲ್ಲಿ ಒಕ್ಕೂಟದ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರಜೆ ಉಳಿದಿದೆ, ತೆಗೆದುಕೊಳ್ಳದಿದ್ದರೆ ಕಳೆದುಹೋಗುತ್ತದೆ ಎಂದು ಮಾಲೀಕರು ನೌಕರನಿಗೆ ಸ್ಪಷ್ಟವಾಗಿ ತಿಳಿಸಿ ರಜೆ ಪಡೆಯಲು ಅನುವು ಮಾಡದಿದ್ದರೆ, ಆ ರಜೆ ತಾನಾಗಿಯೇ ರದ್ದಾಗುವುದಿಲ್ಲವೆಂದು ತೀರ್ಪಿತ್ತಿತು. ಜರ್ಮನಿಯಲ್ಲಿ 1963ರ ಒಕ್ಕೂಟ ರಜಾ ಕಾಯಿದೆಯ ಪ್ರಕಾರ ಐದು ದಿನಗಳ ವಾರಕ್ಕೆ ಕನಿಷ್ಠ 20 ದಿನಗಳಿದ್ದರೂ, ಲೋಹ ಮತ್ತು ವಿದ್ಯುನ್ಮಾನ ಉದ್ಯಮದ ಕಾರ್ಮಿಕ ಸಂಘ ಮಾಡಿಕೊಂಡ ಒಪ್ಪಂದಗಳಲ್ಲಿ ಅದು 30 ದಿನಗಳು. ಹೀಗಾಗಿ ಒಂದೇ ಅಮೆರಿಕನ್ ಕಂಪನಿಯ ಮ್ಯೂನಿಕ್ ಕಚೇರಿಯ ನೌಕರ, ಸಿಯಾಟಲ್ ಕಚೇರಿಯ ತನ್ನ ಸಮಾನನಿಗಿಂತ ಕಡಿಮೆ ಸಂಬಳ ಪಡೆದರೂ, ರಜೆಯ ವಿಷಯದಲ್ಲಿ ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಏಷ್ಯಾದ ಚಿತ್ರ ಬೇರೆ. ಜಪಾನಿನ ಕಾನೂನು ಆರು ತಿಂಗಳ ಸೇವೆಗೆ 10 ದಿನಗಳಿಂದ ಆರಂಭಿಸಿ 20 ದಿನಗಳವರೆಗೆ ರಜೆ ಕೊಡುತ್ತದೆ, ಆದರೆ ಸಹೋದ್ಯೋಗಿಗಳಿಗೆ ಹೊರೆಯಾಗುತ್ತದೆಂಬ ಮುಜುಗರದಿಂದ ಜನರು ಅದನ್ನು ಬಳಸುವುದೇ ಕಡಿಮೆಯಾಗಿತ್ತು; ಕೊನೆಗೆ 2019ರ ಏಪ್ರಿಲ್‌ನಿಂದ, ಕನಿಷ್ಠ ಐದು ದಿನಗಳ ರಜೆಯನ್ನು ನೌಕರ ಪಡೆಯುವಂತೆ ನೋಡಿಕೊಳ್ಳುವುದು ಮಾಲೀಕನ ಕರ್ತವ್ಯವೆಂದು ಕಾನೂನನ್ನೇ ಬದಲಿಸಬೇಕಾಯಿತು. ಬೆಳಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ವಾರಕ್ಕೆ ಆರು ದಿನ ದುಡಿಯುವ ‘996’ ಪದ್ಧತಿಗೆ ಹೆಸರಾದ ಚೀನಾದ ತಂತ್ರಜ್ಞಾನ ಕಂಪನಿಗಳಲ್ಲಿ ಶಾಸನಬದ್ಧ ರಜೆ ಮೊದಲ ಹತ್ತು ವರ್ಷಗಳ ಸೇವೆಗೆ ಕೇವಲ ಐದು ದಿನ.

ಕಂಪನಿಗಳ ಕರಪತ್ರಗಳಲ್ಲಿ ಕಾಣದ ಇನ್ನೊಂದು ಗೆರೆಯಿದೆ. ಅದು ಸ್ವಂತ ನೌಕರರಿಗೂ ಅದೇ ಕಟ್ಟಡದಲ್ಲಿ ದುಡಿಯುವ ಗುತ್ತಿಗೆ ನೌಕರರಿಗೂ ನಡುವಿನದು. 2019ರಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿದಂತೆ ಗೂಗಲ್‌ನಲ್ಲಿ ಸುಮಾರು 1,02,000 ಕಾಯಂ ನೌಕರರಿದ್ದರೆ ಸುಮಾರು 1,21,000 ಮಂದಿ ತಾತ್ಕಾಲಿಕ ಮತ್ತು ಗುತ್ತಿಗೆಯವರಿದ್ದರು. ಕಂಪನಿಯ ರಜಾ ನೀತಿ ಇವರಿಗೆ ಅನ್ವಯಿಸುತ್ತಿರಲಿಲ್ಲ. ಮೈಕ್ರೋಸಾಫ್ಟ್ 2015ರಲ್ಲಿ ಅಮೆರಿಕದ ತನ್ನ ಪೂರೈಕೆದಾರ ಕಂಪನಿಗಳು 50 ಅಥವಾ ಅದಕ್ಕಿಂತ ಹೆಚ್ಚು ನೌಕರರನ್ನು ಹೊಂದಿದ್ದರೆ ಅವರಿಗೆ ಕನಿಷ್ಠ 15 ದಿನಗಳ ಸಂಬಳಸಹಿತ ರಜೆ ಕೊಡಬೇಕೆಂಬ ಷರತ್ತು ವಿಧಿಸಿತು. ಅದೇ ವರ್ಷ ಫೇಸ್‌ಬುಕ್ ಕೂಡ ಅಂಥದೇ ಷರತ್ತು ಹಾಕಿತು. ಗೂಗಲ್ 2019ರಲ್ಲಿ ಕಾಯಿಲೆಯ ರಜೆಗೆ ಸಂಬಂಧಿಸಿ ಎಂಟು ದಿನಗಳ ಕನಿಷ್ಠ ಮಿತಿಯನ್ನು ಗೊತ್ತುಮಾಡಿತು. ಮಿತಿಯಿಲ್ಲದ ರಜೆಗಿಂತ ಸದ್ದಿಲ್ಲದೆ ಬಂದ ಈ ಷರತ್ತುಗಳೇ ಹೆಚ್ಚು ಮಂದಿಯ ಬದುಕನ್ನು ಮುಟ್ಟಿದವು ಎನ್ನಬೇಕು. ಅಮೆಜಾನ್‌ನ ಗೋದಾಮುಗಳಲ್ಲಿ ಗಂಟೆಯ ಕೂಲಿಗೆ ದುಡಿಯುವವರ ಸ್ಥಿತಿ ಇನ್ನೂ ಬೇರೆ: ಅಲ್ಲಿ ಸಂಬಳವಿಲ್ಲದ ಗೈರುಹಾಜರಿಗೂ ಗಂಟೆಗಳ ಖಾತೆಯಿದ್ದು, ಅದು ಸೊನ್ನೆಗಿಂತ ಕೆಳಗಿಳಿದರೆ ಕೆಲಸವೇ ಹೋಗಬಹುದು.

ವಾರ್ಷಿಕ ರಜೆಯ ಹೊರಗೆ ಎರಡು ಪದ್ಧತಿಗಳು ಉಲ್ಲೇಖಕ್ಕೆ ಯೋಗ್ಯ. ಒಂದು, ದೀರ್ಘ ಸೇವೆಗೆ ಕೊಡುವ ಸಬ್ಯಾಟಿಕಲ್: ಇಂಟೆಲ್ ಬಹುಕಾಲ ನಾಲ್ಕು ವರ್ಷಗಳಿಗೆ ನಾಲ್ಕು ವಾರ ಅಥವಾ ಏಳು ವರ್ಷಗಳಿಗೆ ಎಂಟು ವಾರ ಕೊಟ್ಟದ್ದಕ್ಕೆ ಹೆಸರಾಗಿತ್ತು. ಇನ್ನೊಂದು, ಇಡೀ ಕಂಪನಿಯೇ ಬಾಗಿಲು ಮುಚ್ಚುವುದು. 2021ರ ಏಪ್ರಿಲ್‌ನಲ್ಲಿ ಲಿಂಕ್ಡ್‌ಇನ್ ತನ್ನ ಸುಮಾರು 15,900 ನೌಕರರಿಗೆ ಒಟ್ಟಿಗೆ ಒಂದು ವಾರ ರಜೆ ಕೊಟ್ಟಿತು. ಬೆಂಗಳೂರಿನ ಮೀಶೋ ಹಬ್ಬದ ಸುಗ್ಗಿ ವ್ಯಾಪಾರ ಮುಗಿದ ಮೇಲೆ 2021ರಲ್ಲಿ ಸುಮಾರು ಹತ್ತು ದಿನಗಳ, 2022ರಲ್ಲಿ ಹನ್ನೊಂದು ದಿನಗಳ ಸಾಮೂಹಿಕ ಬಿಡುವು ಘೋಷಿಸಿತು. ಎಲ್ಲರೂ ಒಟ್ಟಿಗೆ ಕೆಲಸ ನಿಲ್ಲಿಸಿದಾಗ ರಜೆಯಲ್ಲಿದ್ದವನಿಗೆ ಸಂದೇಶ ಕಳಿಸುವವರೇ ಇರುವುದಿಲ್ಲವಾದ್ದರಿಂದ, ಬಿಡುವು ನಿಜಕ್ಕೂ ಬಿಡುವಾಗುವುದು ಇಲ್ಲಿಯೇ. ಮುಂಬೈಯ ಡ್ರೀಮ್ 11 ಇದನ್ನೇ ದಂಡದ ಮೂಲಕ ಸಾಧಿಸಲು ಹೊರಟು, ರಜೆಯಲ್ಲಿರುವ ಸಹೋದ್ಯೋಗಿಯನ್ನು ಕೆಲಸಕ್ಕಾಗಿ ಸಂಪರ್ಕಿಸಿದವರಿಗೆ ಒಂದು ಲಕ್ಷ ರೂಪಾಯಿ ದಂಡವೆಂದು 2022ರಲ್ಲಿ ಸಾರಿತು. ಭಾರತದ ಬ್ಯಾಂಕುಗಳಲ್ಲಿ ಸೂಕ್ಷ್ಮ ಹುದ್ದೆಯಲ್ಲಿರುವವರನ್ನು ವರ್ಷಕ್ಕೊಮ್ಮೆ ಕನಿಷ್ಠ ಹತ್ತು ಕೆಲಸದ ದಿನ ಮುನ್ಸೂಚನೆಯಿಲ್ಲದೆ ರಜೆಗೆ ಕಳಿಸಬೇಕೆಂದು ರಿಸರ್ವ್ ಬ್ಯಾಂಕ್ ವಿಧಿಸಿದ್ದರ ಉದ್ದೇಶ ಮಾತ್ರ ಬೇರೆ. ಅದು ವಿಶ್ರಾಂತಿಗಲ್ಲ, ವಂಚನೆ ಬಯಲಾಗಲೆಂದು.

ಬೆಂಗಳೂರಿನ ತಂತ್ರಜ್ಞಾನ ನೌಕರರು ಈ ನಕ್ಷೆಯಲ್ಲಿ ಅಮೆರಿಕ ಮತ್ತು ಯುರೋಪುಗಳ ನಡುವೆ ಎಲ್ಲಿಯೋ ನಿಲ್ಲುತ್ತಾರೆ. ಅವರ ರಜೆಯ ತಳಹದಿ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ: ದುಡಿದ ಪ್ರತಿ ಇಪ್ಪತ್ತು ದಿನಕ್ಕೆ ಒಂದು ದಿನ ಗಳಿಕೆ ರಜೆ, ಅದರ ಜೊತೆಗೆ ಕಾಯಿಲೆಗೆ ವರ್ಷಕ್ಕೆ ಹನ್ನೆರಡು ದಿನ. ಐದು ದಿನಗಳ ವಾರದಲ್ಲಿ ಮೊದಲನೆಯದು ವರ್ಷಕ್ಕೆ ಸುಮಾರು ಹನ್ನೆರಡು ದಿನಗಳಾಗುತ್ತದೆ. ಬಳಸದೆ ಉಳಿದದ್ದನ್ನು ಕೂಡಿಡುವ ಮಿತಿಯನ್ನು ಈಚೆಗೆ 30ರಿಂದ 45 ದಿನಗಳಿಗೆ ಏರಿಸಲಾಗಿದೆ. ಇದಲ್ಲದೆ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯಿದೆಯಡಿ ಗಣರಾಜ್ಯೋತ್ಸವ, ಮೇ ದಿನ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ಕನ್ನಡ ರಾಜ್ಯೋತ್ಸವಗಳೊಂದಿಗೆ ಐದು ಹಬ್ಬಗಳ ರಜೆಯಿದೆ. ರಾಜ್ಯ ಸರ್ಕಾರದ ನೌಕರನಿಗೆ ವರ್ಷಕ್ಕೆ 30 ದಿನಗಳ ಗಳಿಕೆ ರಜೆಯಿರುವುದನ್ನು ನೆನೆದರೆ ಖಾಸಗಿ ವಲಯದ ಈ ಕನಿಷ್ಠ ಮಟ್ಟ ಎಷ್ಟು ಕೆಳಗಿದೆಯೆಂಬುದು ತಿಳಿದೀತು. ಆದರೂ ಕನಿಷ್ಠವೊಂದು ಇದೆ, ಅದು ಎಣಿಕೆಯಲ್ಲಿದೆ. ಹಾಗಾಗಿಯೇ ಮಾತೃಸಂಸ್ಥೆ ಮಿತಿಯಿಲ್ಲದ ರಜೆಗೆ ಬದಲಾದರೂ ಅದರ ಬೆಂಗಳೂರು ಶಾಖೆ ಗಳಿಕೆ ರಜೆಯ ಲೆಕ್ಕವನ್ನು ಬಿಡುವಂತಿಲ್ಲ. ಇನ್ಫೋಸಿಸ್, ವಿಪ್ರೋಗಳ ವಾರ್ಷಿಕ ವರದಿಗಳಲ್ಲಿ ‘ಕಂಪೆನ್ಸೇಟೆಡ್ ಆ್ಯಬ್ಸೆನ್ಸಸ್’ ಎಂಬ ಹೆಸರಿನಲ್ಲಿ ಹೊಣೆಗಾರಿಕೆಯ ಸಾಲಿನಲ್ಲಿ ಕಾಣುವ ಮೊತ್ತ ನೌಕರರು ಗಳಿಸಿಟ್ಟ ಇಂಥ ರಜೆಯದೇ. ನಿವೃತ್ತರಾಗುವಾಗಲೋ ಕೆಲಸ ಬಿಡುವಾಗಲೋ ಖಾಸಗಿ ನೌಕರರಿಗೆ ಸಿಗುವ ರಜೆ ನಗದೀಕರಣದ ಹಣಕ್ಕೆ ತೆರಿಗೆ ವಿನಾಯಿತಿ ಎರಡು ದಶಕ ಮೂರು ಲಕ್ಷ ರೂಪಾಯಿಗೇ ನಿಂತಿದ್ದು, 2023ರಲ್ಲಿ 25 ಲಕ್ಷಕ್ಕೆ ಏರಿತು.

ಆದರೆ ಬೆಂಗಳೂರಿನ ಸೇವಾ ಕಂಪನಿಗಳ ರಜೆಯ ಪಂಚಾಂಗವನ್ನು ಕಾನೂನಿನಷ್ಟೇ ದೂರದ ಗ್ರಾಹಕನೂ ನಿರ್ಧರಿಸುತ್ತಾನೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ತ್ರೈಮಾಸಿಕದಲ್ಲಿ ಅಮೆರಿಕ ಮತ್ತು ಯುರೋಪಿನ ಗ್ರಾಹಕರು ಕ್ರಿಸ್‌ಮಸ್‌ಗಾಗಿ ಕೆಲಸ ನಿಲ್ಲಿಸುವುದನ್ನು ಉದ್ಯಮದಲ್ಲಿ ‘ಫರ್ಲೋ’ ಎನ್ನುತ್ತಾರೆ. ಆ ದಿನಗಳಿಗೆ ಗ್ರಾಹಕ ಹಣ ಕೊಡುವುದಿಲ್ಲವಾದ್ದರಿಂದ ಪ್ರತಿವರ್ಷ ಕಂಪನಿಗಳ ಆದಾಯದ ವಿಶ್ಲೇಷಣೆಯಲ್ಲಿ ಆ ಪದ ತಪ್ಪದೆ ಬರುತ್ತದೆ. ಯುಗಾದಿಗೂ ದಸರೆಗೂ ಗ್ರಾಹಕನ ಗಡಿಯಾರದಂತೆ ದುಡಿದು, ತನ್ನ ಹಬ್ಬವಲ್ಲದ ಡಿಸೆಂಬರ್‌ನಲ್ಲಿ ಕೂಡಿಟ್ಟ ರಜೆಯನ್ನು ತೆಗೆದುಕೊಳ್ಳುವುದು ಈ ಉದ್ಯಮದ ವಿಚಿತ್ರಗಳಲ್ಲೊಂದು. ಅಮೆರಿಕದಲ್ಲಿಯೇ ನೆಲೆಸಿರುವ ಕನ್ನಡಿಗರಿಗೆ ಎಣಿಕೆಯ ರಜೆಯ ಬೆಲೆ ಇನ್ನೂ ಚೆನ್ನಾಗಿ ತಿಳಿದಿದೆ: ಊರಿಗೆ ಬಂದು ಹೋಗುವ ಪ್ರಯಾಣ, ಎಚ್-1ಬಿ ವೀಸಾದ ಮುದ್ರೆಗಾಗಿ ಕಾಯುವ ದಿನಗಳು ಸೇರಿದರೆ ಮೂರು ನಾಲ್ಕು ವಾರಗಳು ಒಟ್ಟಿಗೆ ಬೇಕು, ಕೂಡಿಟ್ಟ ದಿನಗಳಿದ್ದವನು ಅವನ್ನು ಕೇಳಿ ಪಡೆಯುತ್ತಾನೆ, ಮಿತಿಯಿಲ್ಲದ ರಜೆಯವನು ಇಷ್ಟು ದೀರ್ಘ ಬಿಡುವು ಏಕೆಂದು ವಿವರಿಸಬೇಕಾಗುತ್ತದೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಕಾರ್ಮಿಕ ಸಂಹಿತೆಗಳಲ್ಲಿ ಗಳಿಕೆ ರಜೆಗೆ ಅರ್ಹತೆ ಪಡೆಯಲು ದುಡಿಯಬೇಕಾದ ದಿನಗಳನ್ನು 240ರಿಂದ 180ಕ್ಕೆ ಇಳಿಸಲಾಗಿದೆ. ಪ್ರತಿ ಇಪ್ಪತ್ತು ದಿನಕ್ಕೆ ಒಂದು ದಿನವೆಂಬ 1948ರ ಕಾರ್ಖಾನೆ ಕಾಯಿದೆಯ ಪ್ರಮಾಣ ಮಾತ್ರ ಎಪ್ಪತ್ತೇಳು ವರ್ಷಗಳ ನಂತರವೂ ಹಾಗೆಯೇ ಇದೆ. 2025ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಸಚಿವ ಸಂಪುಟ ಐಟಿ ವಲಯವೂ ಸೇರಿದಂತೆ ಮಹಿಳಾ ನೌಕರರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ ಹನ್ನೆರಡು ದಿನಗಳ ಸಂಬಳಸಹಿತ ಋತುಚಕ್ರ ರಜೆಯ ನೀತಿಯನ್ನು ಒಪ್ಪಿತು. ಸಂಖ್ಯೆಯನ್ನು ಕಾನೂನಿನಲ್ಲಿ ಬರೆದಿಡುವ ಈ ಹಳೆಯ ಕ್ರಮ ಆಕರ್ಷಕವಾಗಿ ಕಾಣದಿದ್ದರೂ ಕೇಳಿ ಪಡೆಯಲು ಬರುವಂಥದು. ಹೊಸ ಕೆಲಸದ ನೇಮಕಾತಿ ಪತ್ರವನ್ನು ಕೈಯಲ್ಲಿ ಹಿಡಿದವರು ವರ್ಷಕ್ಕೆ ಎಷ್ಟು ದಿನ ರಜೆ ಎಂದು ಕೇಳಿ ಸುಮ್ಮನಾಗದೆ, ಉಳಿದ ರಜೆ ಮುಂದಿನ ವರ್ಷಕ್ಕೆ ಸಾಗುತ್ತದೆಯೇ, ಕೆಲಸ ಬಿಟ್ಟರೆ ಅದಕ್ಕೆ ಹಣ ಬರುತ್ತದೆಯೇ, ತಾವು ಸೇರಲಿರುವ ತಂಡದವರು ಕಳೆದ ವರ್ಷ ನಿಜವಾಗಿ ಎಷ್ಟು ದಿನ ರಜೆ ಪಡೆದರು ಎಂಬುದನ್ನೂ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದ ಮೇಲೆಯೇ ಸಹಿ ಹಾಕುವುದು ಒಳ್ಳೆಯದು.